ಏಳನೇ ನಂಬರಿನ ಮಷಿನ್ನು

ಸಂಖದ ಕನ್ನಡ ಸಾಲಿಯಾಗ ಹನ್ನೊಂದು ಕಂಪ್ಯೂಟರ್.
ಚಾಲೂ ಮಾಡಿದರ ಕರೀ ಪರದೆ ಮ್ಯಾಲ ಎರಡು ಸಾಲು:
ಮ್ಯಾಲಿಂದು ಮರಾಠಿ ವಿಂಡೋಸ್, ಕೆಳಗಿಂದು ಕನ್ನಡ ಲಿನಕ್ಸ್.
ಆರಿಸಾಕ ಹತ್ತು ಸೆಕೆಂಡು. ಹುಡುಗರು
ಒಂಬತ್ತರತನಕ ಕೂಗಿ ಎಣಿಸಿ
ಆಮ್ಯಾಲ ಬಾಣದ ಗುಂಡಿ ಒತ್ತತಿದ್ದರು.

ದೀಪಾವಳಿ ಸೂಟಿಯೊಳಗ ಸಾಂಗಲಿಯಿಂದ ಒಬ್ಬ ಬಂದ.
ವೈರಸ್ ಹೊಕ್ಕಾವಂತ, ಎಲ್ಲಾಕ್ಕೂ ಒಂದ ಇಮೇಜ್ ಹಾಕಿ
ಸಹಿ ತಗೊಂಡು ಹೋದ. ಅವನ ತಪ್ಪಲ್ಲ,
ಅವನ ಕಾಗದದಾಗ ಪಾರ್ಟಿಶನ್ ಒಂದೇ ಇತ್ತು.
ಮುಂದ ಎರಡು ಸಾಲಿಲ್ಲ, ಎಣಿಕಿ ಇಲ್ಲ,
ಸೀದಾ ನೀಲಿ.

ಏಳನೇ ನಂಬರ ಉಳಿದಿತ್ತು.
ಇಲಿ ವೈರ್ ಕಡಿದು ಮೂಲ್ಯಾಗ ಬಿದ್ದಿತ್ತು ಅದು.
ಇಲಿಗೆ ಶರಣು ಅಂದೆ.

ಅದರ ಡಿಸ್ಕು ಇಡಿಯಾಗಿ ನಕಲು ಮಾಡಿದೆ,
ಗೋಡೆ, ಬಾಗಿಲು, ಖಾಲಿ ಜಾಗ ಸುದ್ದಾ.
ಮೂಲ ಯಾವುದು, ಗುರಿ ಯಾವುದು, ಮೂರು ಸಲ ಓದಿದೆ;
ತಿರುಗಾಮುರುಗಾ ಆದರ
ಖಾಲಿಯೇ ಬಂದು ತುಂಬತದ.
ಕರೆಂಟು ಹೋಗದಿರಲಿ ಅಂತ
ಎರಡು ರಾತ್ರಿ ಶೇಂಗಾ ಸುಲಿದೆ.

ಸೋಮವಾರ ಹನ್ನೊಂದೂ ಎರಡು ಸಾಲು ತೋರಿಸಿದವು.
ಹನ್ನೊಂದರಾಗೂ ಒಂದ ಫೈಲು:
‘ನನ್ನ ಹೆಸರು ಮಾಯಕ್ಕ ಪೂಜಾರಿ. ನಮ್ಮ ಆಡಿಗೆ’
ಅಷ್ಟ. ಅಲ್ಲೇ ಗಂಟಿ ಬಾರಿಸಿರಬೇಕು.
ಆಕಿ ಕಬ್ಬಿನ ಗ್ಯಾಂಗಿನ ಕೂಡ ಹೋಗಿದ್ದಳು.
ಅಳಸ್ರೀ ಅಂದರು ಹೆಡ್‌ಮಾಸ್ತರು. ತಡೀರಿ ಅಂದೆ.

ಹುಡುಗರು ತಡೀಲಿಲ್ಲ.
ನಮ್ಮ ಆಡಿಗೆ ಎರಡು ಮರಿ. ನಮ್ಮ ಆಡಿಗೆ ಜ್ವರ.
ನಮ್ಮ ಆಡಿಗೆ ಮರಾಠಿನೂ ತಿಳೀತದ.

ಉಗಾದಿ ಆದ ಮ್ಯಾಲ ಬಂದಳು.
ಒಂದೊಂದೇ ಓದಿದಳು, ನಗಲಿಲ್ಲ.
ಏಳನೇದರ ಮುಂದ ಕುಂತು, ಒಂದೇ ಬೆರಳಿಲೆ:
‘ಹೆಸರಿಟ್ಟಿದ್ದಿಲ್ಲ. ಮಾರಿದರು.’