ನಡುವಿನ ಕಾಗದ

ಇಲ್ಲಿ ಮಧ್ಯಾಹ್ನದ ಊಟ ಅಂದರೆ ಹಬ್ಬವೇನಲ್ಲ:
ನಾಲ್ಕು ತುಂಡು ಬ್ರೆಡ್ಡು, ಮೇಲೆ ಕಂದು ಚೀಸು,
ಒಂದಕ್ಕೊಂದು ಅಂಟದಿರಲೆಂದು ನಡುನಡುವೆ
ಅಂಗೈಯಗಲದ ತೆಳು ಕಾಗದ.
ಬೋಟ್ಸ್‌ಫಿಯೋರ್ಡಿನ ಮಕ್ಕಳೆಲ್ಲ ತಿನ್ನುವುದು ಇದನ್ನೇ,
ಬಂದರಿನ ಗಂಡಸರೂ ಇದನ್ನೇ.

ನನ್ನ ಮಗಳ ಕಾಗದದ ಮೇಲೆ ಮಾತ್ರ
ದಿನಕ್ಕೊಂದು ಚಿತ್ರ.

ಐದೂವರೆಗೆ ಏಳುತ್ತೇನೆ. ಹೊರಗೆ ಕತ್ತಲು.
ನವೆಂಬರಿನಲ್ಲಿ ಹೋದ ಸೂರ್ಯ
ಜನವರಿಯವರೆಗೆ ಇತ್ತ ತಲೆ ಹಾಕುವುದಿಲ್ಲ,
ಹಾಗಾಗಿ ಬೆಳಗ್ಗೆ ಅನ್ನುವುದು ಬರೀ ಗಡಿಯಾರದ ಮಾತು.
ಯೋರುನ್ ಹಡಗಿನ ಅಡುಗೆಮನೆಯಲ್ಲಿ,
ಇಪ್ಪತ್ತೆರಡು ದಿನ ನೀರಿನ ಮೇಲೆ.
ಮನೆಯಲ್ಲಿದ್ದರೆ ಅವಳು ಚೀಟಿ ಬರೆಯುತ್ತಾಳೆ.
ನಾನು ಚಿತ್ರ ಬರೆಯುತ್ತೇನೆ.
ಸೀಸದ ಕಡ್ಡಿ ಈ ಕಾಗದದ ಮೇಲೆ ಜಾರುತ್ತದೆ;
ಒತ್ತಬೇಕು, ತೀರ ಒತ್ತಿದರೆ ಹರಿಯುತ್ತದೆ.

ಸೋಮವಾರ ತಿಮಿಂಗಿಲ. ಬೂಟಿನ ಹಾಗಿತ್ತು.
ಮಂಗಳವಾರ ಅಜ್ಜನ ಬೂಟು. ತಿಮಿಂಗಿಲ ಅಂದುಕೊಂಡಳು.
ಆಮೇಲೆ ಹಿಮ ಗುಡಿಸುವ ಟ್ರಾಕ್ಟರು,
ಪಕ್ಕದ ಮನೆ ಹಾಲ್ವರ್ಡನ ಒಕ್ಕಣ್ಣಿನ ಬೆಕ್ಕು,
ಅಮ್ಮನ ಹಡಗು, ಕಿಟಕಿ ಎಣಿಸಿ ಬರೆದದ್ದು:
ಅವಳು ಬರಲು ಎಷ್ಟು ದಿನವೋ ಅಷ್ಟು.

ಸಂಜೆ ಡಬ್ಬಿ ತೊಳೆಯುವಾಗ ಕಾಗದ ಸಿಗುತ್ತಿರಲಿಲ್ಲ.
ಎಲ್ಲಿ ಎಂದರೆ "ಒಣಗ್ತಾ ಇದೆ" ಅನ್ನುತ್ತಿದ್ದಳು ರಾಗ್ನಾ.
ಹೀಟರಿನ ಹಿಂದೆ ಸಾಲಾಗಿ
ಜಿಡ್ಡು ಹಿಡಿದ ತಿಮಿಂಗಿಲಗಳು.

ಡಿಸೆಂಬರಿನ ಒಂದು ದಿನ, ಬೂಟು ಏರಿಸಿಕೊಳ್ಳುತ್ತ:
"ನಂಗೀಗ ಓದೋಕೆ ಬರತ್ತೆ.
ನಾಳೆಯಿಂದ ಚಿತ್ರ ಬೇಡ. ಅಕ್ಷರ ಹಾಕು."

ಒಂದು ಗುಟ್ಟಿದೆ, ಊರಿಗೆಲ್ಲ ಗೊತ್ತಿರುವ ಗುಟ್ಟು:
ಅಕ್ಷರಕ್ಕೂ ನನಗೂ ಎಣ್ಣೆ ಸೀಗೆಕಾಯಿ.
ನನ್ನ ಬರಹವನ್ನು ಕಾಗೆಕಾಲು ಗುಬ್ಬಿಕಾಲು ಅನ್ನಲೂ ಆಗದು,
ಹಿಮದ ಮೇಲೆ ಹಕ್ಕಿಯ ಹೆಜ್ಜೆಯಾದರೂ
ಒಂದು ದಿಕ್ಕಿಗೆ ಹೋಗುತ್ತದೆ.
ನನ್ನ ಬೇ ತಿರುಗಿ ಡೇ ಆಗುತ್ತದೆ, ಡೇ ಬೇ ಆಗುತ್ತದೆ.
ಎರಡಕ್ಕೂ ಒಂದು ಕೋಲು, ಒಂದು ಹೊಟ್ಟೆ;
ಹೊಟ್ಟೆ ಯಾವ ಕಡೆ ಅನ್ನುವುದನ್ನು
ರಾತ್ರೋರಾತ್ರಿ ಯಾರೋ ಬದಲಿಸಿರುತ್ತಾರೆ.

ಮರುದಿನ ಕಾಗದದ ಮುಂದೆ ಕೂತೆ. ಕಾಫಿ ಆರಿತು.
ಸುಲಭದ ಪದ ಹುಡುಕಿದೆ. ಎದುರಿಗೇ ಇತ್ತು: ಬ್ರೆಡ್ಡು.
ನಮ್ಮ ಭಾಷೆಯಲ್ಲಿ ಅದು ಬೇಯಲ್ಲಿ ಹುಟ್ಟಿ ಡೇಯಲ್ಲಿ ಮುಗಿಯುತ್ತದೆ,
ನಡುವೆ ನನ್ನನ್ನು ಕಾಡದ ಎರಡು,
ಅದರಲ್ಲೊಂದು ಗೀಟು ಹೊಡೆದ ಸೊನ್ನೆ.
ಬರೆದೆ. ಮಡಿಸಿದೆ. ಕಳಿಸಿದೆ.
ಅವತ್ತು ಮೀನು ಸೀಳುವ ಯಂತ್ರದ ಬೆಲ್ಟನ್ನು
ನಾಲ್ಕು ಸಲ ಸುಮ್ಮನೆ ನಿಲ್ಲಿಸಿದೆ.

ಸಂಜೆ ಹೀಟರಿನ ಹಿಂದೆ ಕಾಗದವಿರಲಿಲ್ಲ.
ಕೇಳುವ ಧೈರ್ಯ ನನಗೆ ಬರಲಿಲ್ಲ.
ಮೀನಿನ ಉಂಡೆ ತಿಂದಳು, ಹಲ್ಲುಜ್ಜಿದಳು,
ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದು, ಫ್ರಿಜ್ಜಿನ ಬಾಗಿಲು.
"ಒಳಗೆ ಬರಬೇಡ" ಅಂದಳು. ಹೋಗಲಿಲ್ಲ.

ಹನ್ನೊಂದೂವರೆ. ಫ್ಯಾಕ್ಟರಿಯ ಊಟದ ಕೋಣೆ.
ಕೈಗವಸು ಬಿಚ್ಚಿ ನನ್ನ ಡಬ್ಬಿ ತೆರೆದರೆ
ಎರಡನೆಯ ತುಂಡಿನ ಕೆಳಗೆ ಅದೇ ಕಾಗದ.
ನನ್ನ ಪದದಲ್ಲಿ ಬೇ, ಡೇ ಬೆನ್ನಿಗೆ ಬೆನ್ನು ಹಾಕಿ
ಆಚೆ ಈಚೆ ಹೊರಟುಹೋಗುತ್ತಿದ್ದವು.
ಅಡ್ಡಗೀಟು ಎಳೆದಿಲ್ಲ ಅವಳು, ಟೀಚರರ ಹಾಗೆ.
ಕೆಳಗೆ ಕೆಂಪು ಕಡ್ಡಿಯಲ್ಲಿ ಮತ್ತೆ ಬರೆದಿದ್ದಾಳೆ,
ಕೋಲಿಗೆ ತಲೆ, ಟೋಪಿ, ಎರಡು ಕಾಲು ಇಟ್ಟು.
ಮೊದಲ ಅಕ್ಷರ: ಹೊಟ್ಟೆ ಮುಂದೆ ಮಾಡಿಕೊಂಡು
ಬಲಕ್ಕೆ, ಬಂದರಿನ ಕಡೆ ಹೊರಟ ನಾನು.
ಕೊನೆಯದು: ಅದೇ ಟೋಪಿ, ಅದೇ ಹೊಟ್ಟೆ,
ಎಡಕ್ಕೆ, ಮನೆಯ ಕಡೆ.
ಹೋಗುವ ಅಪ್ಪ ಬೇ.
ಬರುವ ಅಪ್ಪ ಡೇ.
ಹೊಟ್ಟೆ ಸ್ವಲ್ಪ ಹೆಚ್ಚೇ ದೊಡ್ಡದು.

ಮೇಸ್ತ್ರಿ ಟುರ್‌ಬ್ಯೋರ್ನ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.
"ಏನಿದು, ಪೆಂಗ್ವಿನ್ನಾ?"

ಬ್ರೆಡ್ಡು, ಅಂದೆ.