ಕಾಲಂ ಹನ್ನೊಂದು: ಇತರೆ

ಪ್ರಿಯೇನೆ ಎಂಬ ಗ್ರೀಕರ ಊರಿನ ನಕಾಶೆ ಬಿಡಿಸಿದಾಗ
ನಗು ಬಂತು: ಇದು ನಮ್ಮ ನವನಗರ.
ಗುಡ್ಡದ ಮೈಗೆ ಗೆರೆ ಹೊಡೆದು, ಓಣಿಗೆ ಓಣಿ ಅಡ್ಡ,
ಮನೆಗೆ ಮನೆ ಸಮ. ಸೆಕ್ಟರ್ ನಂಬರು ಒಂದೇ ಕಡಿಮೆ.

ಅಲ್ಲಿಯ ಹೊಳೆ ಮಣ್ಣು ತಂದು ತಂದು ಸುರಿದು
ಬಂದರನ್ನೇ ಹೂತಿತಂತೆ, ಮಂದಿ ಗುಡ್ಡ ಹತ್ತಿದರಂತೆ.
ನಮ್ಮಲ್ಲಿ ಕೃಷ್ಣೆಗೆ ಗೋಡೆ ಕಟ್ಟಿದರು;
ಮುಂದೆ ದಾರಿ ಕಾಣದ ಘಟಪ್ರಭೆ
ತಿರುಗಿ ನಡೆದು ಹೊಸ್ತಿಲಿಗೆ ಬಂದು ಕೂತಳು.

ನಾನಾಗ ಸರ್ವೆಯವನು. ಹಳೆ ಬಾಗಲಕೋಟೆಯ ನೀಲಗಾರರ ಓಣಿಯಲ್ಲಿ
ಗೋಡೆ, ಜಂತಿ, ಬಾವಿ, ಬೇವಿನ ಮರ ಬರೆದುಕೊಳ್ಳುತ್ತಿದ್ದೆ.
ಕಳಕವ್ವ ಹಿತ್ತಲಿಗೆ ಕರೆದಳು.
ನೆಲದಲ್ಲಿ ಹೂತ ಬಾನಿ, ಕಂಠಮಟ ನೀಲಿ,
ಮೇಲೆ ತಾಮ್ರದ ಬಣ್ಣದ ನೊರೆ, ಅಂಚಿಗೆ ಕುಂಕುಮ.
"ಆಕಿನ್ನ ಬರಕೋರಿ."
"ಬಾನಿ ಒಂದು" ಅಂದೆ.
"ಬಾನಿ ಅಲ್ರೀ. ಆಕಿ."

ಆಕಿ ಮುನಿದರೆ ನೂಲಿಗೆ ಬಣ್ಣ ಹತ್ತುವುದಿಲ್ಲ.
ಕಾಯಿಗೆ, ಕರ್ಪೂರಕ್ಕೆ, ಉಪವಾಸಕ್ಕೆ ಒಲಿಯುವವಳಲ್ಲ;
ಗಂಡಸರನ್ನು ಹೊರಗೆ ಕಳಿಸಿ
ಹೆಂಗಸರು ಸುತ್ತ ಕೂತು
ಹೇಳಬಾರದ್ದನ್ನು ಹೇಳಬೇಕು.
ಆಕಿ ನಕ್ಕಾಗ ನೊರೆ ಏಳುತ್ತದೆ.

ಪ್ರಿಯೇನೆಯಲ್ಲಿ ಅಥೇನಳ ಗುಡಿಗೆ ದೊರೆಯ ದುಡ್ಡು,
ಗೋಡೆಯ ಮೇಲೆ ದೊರೆಯ ಹೆಸರು.
ದೆಮೇತರಳ ಗುಡಿ ಅದಕ್ಕೂ ಮೇಲೆ, ಕಾಲುದಾರಿಯ ಕೊನೆಗೆ.
ಮಗಳನ್ನು ಪಾತಾಳಕ್ಕೆ ಕಳಕೊಂಡ ತಾಯಿ
ತುತ್ತು ಮುಟ್ಟದೆ, ಒಂದು ಕಾಳೂ ಮೊಳೆಯಗೊಡದೆ ಕೂತಾಗ
ಯಾವಳೋ ಮುದುಕಿ ಉಟ್ಟದ್ದನ್ನೆತ್ತಿ ನಗಿಸಿದಳಂತೆ.
ಆ ಗುಡಿಯಲ್ಲಿ ಅಗೆದಾಗ ಸಿಕ್ಕ ಮಣ್ಣಿನ ಬೊಂಬೆಗಳು:
ಹೊಟ್ಟೆಯೇ ಮುಖ, ಅದರ ಕೆಳಗೇ ಕಾಲು.
ಫೋಟೋದಲ್ಲಿ ಒಂದಕ್ಕೆ ಕಳಕವ್ವನದೇ ಗಲ್ಲ.

ಫಾರ್ಮಿನಲ್ಲಿ ದೇವರಿಗೆ ಕಾಲಂ ಇತ್ತು, ಗುಡಿ ಇದ್ದವರಿಗೆ.
ಹನ್ನೊಂದನೆಯದು: ಇತರೆ.
ಬರೆದೆ: ಮಣ್ಣಿನ ಪಾತ್ರೆ, ದೊಡ್ಡದು, ಒಂದು. ಮೌಲ್ಯ ಇಲ್ಲ.

ಬಾನಿ ಅಲ್ಲೇ ಉಳಿಯಿತು. ತಳದ ಗಸಿಯನ್ನು
ಹಾಲಿನ ಕ್ಯಾನಿಗೆ ಬಸಿದುಕೊಂಡು, ತೊಡೆಯ ಮೇಲಿಟ್ಟು,
ಟಂಟಂ ಹತ್ತಿ ಹೋದಳು ಸಿಮೆಂಟು ನೆಲದ ಮನೆಗೆ.
ಅಲ್ಲಿ ಬಣ್ಣ ಹತ್ತಿತೇ? ನಾನು ಕೇಳಲಿಲ್ಲ.

ಪ್ರಿಯೇನೆಯವರ ಮೊದಲ ಊರು ಇನ್ನೂ ಸಿಕ್ಕಿಲ್ಲವಂತೆ,
ಹೊಳೆಮಣ್ಣಿನಡಿ ಎಲ್ಲೋ ಇದೆ.
ನಮ್ಮದು ಎಲ್ಲಿದೆಯೆಂದು ಗೊತ್ತು, ಅಡಿ ಅಂಗುಲ ಸಹಿತ,
ನನ್ನದೇ ಅಕ್ಷರದಲ್ಲಿ.

ಗೊತ್ತಿಲ್ಲದ್ದು, ಅಂದು ನನ್ನನ್ನು ಅಂಗಳಕ್ಕೆ ದಬ್ಬಿ
ಬಾಗಿಲು ಹಾಕಿಕೊಂಡು ಅವರು ಏನಂದರು ಎಂಬುದು.
ನಗು ಮಾತ್ರ ಕೇಳಿತು, ಜಂತಿಯ ಮಣ್ಣು ಉದುರುವಂಥದ್ದು.
ಪುಸ್ತಕದಲ್ಲಿ ಹುಡುಕಿದೆ.
ಮುದುಕಿ ಆಡಿದ ಮಾತು ಅಲ್ಲೂ ಬರೆದಿಲ್ಲ.