ಮೇಲುಗೈ

ಈ ವರ್ಷವೂ ಅದೇ ತಲೆಬರಹ.
ಪತ್ರಿಕೆಯವರು ಆ ಅಚ್ಚಿನ ಮೊಳೆ ತೆಗೆದಿಡುವುದೇ ಇಲ್ಲವೇನೋ:
‘ಬಾಲಕಿಯರದೇ ಮೇಲುಗೈ.’
ಕೆಳಗೆ ನಾಲ್ಕು ಹುಡುಗಿಯರು, ಬಾಯಿಗೆ ಪೇಡ.
ಹೆಡ್ ಮೇಷ್ಟ್ರು ಕತ್ತರಿಸಿ
ಸ್ಟಾಫ್ ರೂಮಿನ ಬೀರುವಿಗೆ ಅಂಟಿಸಿದರು,
ಹೋದ ವರ್ಷದ್ದರ ಮೇಲೆ.

ನಾನು ಗಣಿತದವಳು. ಹತ್ತೊಂಬತ್ತು ವರ್ಷ ಇದೇ ಊರು,
ಮದ್ದೂರಿಂದ ಒಳಕ್ಕೆ ಹನ್ನೊಂದು ಕಿಲೋಮೀಟರು,
ನಾಲೆ ಏರಿಯ ಪಕ್ಕ ಶಾಲೆ.
ಅಂಕಿ ಕಂಡರೆ ಬಿಡಿಸಿ ನೋಡುವ ಚಾಳಿ.

ಬಿಡಿಸಿದೆ.
ಹತ್ತನೇ ಕ್ಲಾಸಲ್ಲಿ ಹುಡುಗಿಯರು ಇಪ್ಪತ್ತಾರು,
ಹುಡುಗರು ಒಂಬತ್ತು.
ಊರಿನ ಮಿಕ್ಕ ಗಂಡುಮಕ್ಕಳೆಲ್ಲಿ?
ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಬರುತ್ತದೆ.
ಟೈ ಕಟ್ಟಿದ ಅಣ್ಣಂದಿರು, ತಮ್ಮಂದಿರು ಹತ್ತುತ್ತಾರೆ.
ಅವರ ಬ್ಯಾಗು ಎತ್ತಿಕೊಟ್ಟ ಅಕ್ಕತಂಗಿಯರು
ಕೊಟ್ಟಿಗೆ ಗುಡಿಸಿ, ಕೈ ತೊಳೆದು
ನಮ್ಮಲ್ಲಿಗೆ ನಡೆದು ಬರುತ್ತಾರೆ.
ವ್ಯಾನಿಗೆ ದುಡ್ಡಿಲ್ಲದ ಮನೆಯವರು ಆ ಒಂಬತ್ತು ಮಂದಿ,
ಆಲೆಮನೆ ಶುರುವಾದರೆ ಆರೇ ಮಂದಿ.
(ನನ್ನ ಮಗನೂ ಹಳದಿ ವ್ಯಾನಲ್ಲೇ ಹೋಗುತ್ತಾನೆ, ಮಂಡ್ಯದಲ್ಲಿ.)

ಇಂಪನಾ ಅಂತ ಒಬ್ಬಳಿದ್ದಳು, ಆರು ವರ್ಷದ ಹಿಂದೆ.
ಎಂಟನೇ ಕ್ಲಾಸಿಗೆ ಸರ್ಕಾರದ ಸೈಕಲ್ ಬಂತು,
ಮುಂದೆ ಬುಟ್ಟಿಯಿರುವ, ಹುಡುಗಿಯರ ಸೈಕಲ್.
ವಾರದೊಳಗೆ ಅವರಪ್ಪ ಬುಟ್ಟಿ ಬಿಚ್ಚಿ
ಹಿಂದಕ್ಕೆ ಹಾಲಿನ ಕ್ಯಾನು ಕಟ್ಟಿದ.
ಸೈಕಲ್ಲು ಡೈರಿಗೆ ಹೋಯಿತು, ಬುಟ್ಟಿ ಇವಳಿಗೆ ಉಳಿಯಿತು;
ಅದರಲ್ಲೇ ಪುಸ್ತಕ ಜೋಡಿಸಿಟ್ಟಿದ್ದಳು.
ಗಣಿತಕ್ಕೆ ತೊಂಬತ್ತೇಳು.
ಆ ವರ್ಷದ ಫೋಟೋದಲ್ಲಿ ಎಡದಿಂದ ಎರಡನೆಯವಳು.

ಕಾಲೇಜಿಗೆ ಎರಡು ಬಸ್ಸು.
ಲ್ಯಾಬು ಮುಗಿಯುವುದು ಐದಕ್ಕೆ, ಊರ ಕಡೆಯ ಬಸ್ಸು ನಾಲ್ಕೂವರೆಗೆ.
‘ಹೊತ್ ಮುಳುಗ್ದ ಮ್ಯಾಲೆ ಹೆಣ್ಣೈಕ ರೋಡಲ್ಲಿ ನಿಂತ್ಕಂಡ್ರೆ
ಯಾರ್ಯಾರ್ಗೆ ಉತ್ರ ಕೊಡನ ಮೇಡಮ್ಮೋರೆ?’
ಅವರವ್ವ ಕೇಳಿದ್ದಕ್ಕೆ ನನ್ನ ಹತ್ತಿರ ಸೂತ್ರವಿರಲಿಲ್ಲ.
ಮರುವರ್ಷ ಅದೇ ಮನೆಯ ಹುಡುಗ, ಗಣಿತಕ್ಕೆ ಮೂವತ್ತಾರು,
ಡಿಪ್ಲೊಮಾ ಸೇರಿದ. ಎಮ್ಮೆ ಮಾರಿದ ದುಡ್ಡು.

ಈಗ ಹೆಂಗಸರಿಗೆ ಬಸ್ಸು ಫ್ರೀ.
ಮೊನ್ನೆ ಸಿಕ್ಕಳು, ಕೊರಳಲ್ಲಿ ಗಾರ್ಮೆಂಟ್ಸಿನ ಕಾರ್ಡು.
‘ಗಂಟೆಗೆ ಅರವತ್ತು ಕಾಲರ್ ಮಿಸ್, ನಮ್ ಲೈನಲ್ಲಿ ನಂದೇ ಜಾಸ್ತಿ.’
ಹೆಬ್ಬೆರಳ ಉಗುರಲ್ಲಿ
ಸೂಜಿ ಇಳಿದು ಉಳಿದ ಕಪ್ಪು ಚುಕ್ಕೆ.
ಸೊನ್ನೆ ರೂಪಾಯಿಯ ಟಿಕೆಟ್ಟು ಮಡಿಸುತ್ತ ಮಡಿಸುತ್ತ
‘ಇದು ಸ್ವಲ್ಪ ಮುಂಚೆ ಬರ್ಬಾರ್ದಿತ್ತಾ’ ಅಂದಳು, ನಕ್ಕಳು,
ಇಳಿಯುವ ಸ್ಟಾಪು ಬಂತು.

ಇಷ್ಟು ಹೇಳಿ ಒಂದನ್ನು ಬಿಟ್ಟರೆ
ಲೆಕ್ಕ ತಪ್ಪುತ್ತದೆ.

ಹೋದ ಸಲ ಫಲಿತಾಂಶ ಇಳಿದಿತ್ತು, ಮೇಲಿಂದ ನೋಟಿಸು ಬಂತು,
ಕಾರಣ ಕೇಳಿ, ಮೂರು ದಿನದ ಗಡುವು.
ಈ ಸಲ ನವೆಂಬರಿನಲ್ಲಿ, ಪರೀಕ್ಷೆಯ ಫೀಸು ಕಟ್ಟುವ ವಾರ,
ಕಾಳಮ್ಮನ ಮೊಮ್ಮಗಳು ಸುಚಿತ್ರಳನ್ನು ಕರೆದೆ.
ಕೇರಿಯ ಹುಡುಗಿ. ವಾರಕ್ಕೆ ಮೂರು ದಿನ
ಕಬ್ಬಿನ ಗದ್ದೆಯಲ್ಲಿರುವವಳು,
ಅಂಗೈ ತುಂಬ ಸೋಗೆಯ ಗೀರು.
‘ಮುಂದಿನ ವರ್ಷ ಕಟ್ಟು ಕಣೇ, ಚೆನ್ನಾಗಿ ಓದಿಕೊಂಡು.’
ಹೂಂ ಅಂದಳು.
ಮಧ್ಯಾಹ್ನದ ಊಟ ಮಾಡಿ, ತಟ್ಟೆ ತೊಳೆದು ಬೋರಲು ಹಾಕಿ ಹೋದಳು.
ಮಾರನೆಯ ದಿನದಿಂದ ಹಾಜರಿ ಪುಸ್ತಕದಲ್ಲಿ ಗೈರು, ಗೈರು,
ಆಮೇಲೆ ಕೆಂಪು ಗೆರೆ.

ಹುಡುಗರಲ್ಲಿ ಇಬ್ಬರು ಡುಮ್ಕಿ.
ಹುಡುಗಿಯರು ಇಪ್ಪತ್ತಾರಕ್ಕೆ ಇಪ್ಪತ್ತಾರು, ನೂರಕ್ಕೆ ನೂರು.
ಅಂಶ ಅವರು ಬರೆದದ್ದು.
ಛೇದ ನನ್ನದು.

ಶಾಲೆ ಬಿಟ್ಟ ಮೇಲೆ ಬೀರುವಿನ ಮುಂದೆ ನಿಂತೆ.
ಗೋಂದು ಇನ್ನೂ ಹಸಿ. ಮೂಲೆ ಎತ್ತಿದರೆ
ಅಡಿಯಲ್ಲಿ ಹೋದ ವರ್ಷ, ಅದರಡಿ ಅದರ ಹಿಂದಿನದು.
ತೀರಾ ತಳದಲ್ಲಿ ಇಂಪನಾ,
ಕೆನ್ನೆಯೊಳಗೆ ಪೇಡ. ಕೈ ಕಾಣುವುದಿಲ್ಲ,
ಕತ್ತರಿ ಆಡಿದ್ದು ಭುಜದವರೆಗೆ.

ಪೂರಕ ಪರೀಕ್ಷೆಗೆ ಸುಚಿತ್ರ ಕೂರಬಹುದೇ?
ನಿಯಮದಲ್ಲಿ ದಾರಿಯುಂಟಾ ಎಂದು ಕೇಳಿದರೆ
ಆಫೀಸಿನವರು ‘ನೋಡೋಣ’ ಅಂದಿದ್ದಾರೆ.
ಖಾಲಿ ಫಾರಂ ಬ್ಯಾಗಿನಲ್ಲಿ ನಾಲ್ಕು ದಿನದಿಂದ.
ಅವಳ ಸಹಿ ಬೇಕು, ಅಜ್ಜಿಯ ಹೆಬ್ಬೆಟ್ಟು ಬೇಕು.
ಕೇರಿ ದೂರವಿಲ್ಲ,
ಬೋರ್ಡಿನ ಪಕ್ಕದ ಕಿಟಕಿಯಿಂದ ಕಾಣುತ್ತದೆ,
ಹುಣಸೆಮರ ದಾಟಿದರೆ ಮೂರನೆಯ ಮನೆಯಂತೆ.
ಹತ್ತೊಂಬತ್ತು ವರ್ಷದಲ್ಲಿ
ಒಮ್ಮೆಯೂ ಹೋಗಿಲ್ಲ.